1991ರ ಮಿಯಾಟಾ, ಒಳಗೆ 1.8 ಎಂಜಿನ್: ಕೊಳ್ಳುವ ಮುಂಚೆ ಏನೇನು ನೋಡಬೇಕು?

ಸ್ಯಾನ್‌ಹೋಸೆ_ಶರಾವತಿ
ಎಲ್ಲರಿಗೂ ನಮಸ್ಕಾರ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ 1991ರ ಮಾಜ್ಡಾ ಮಿಯಾಟಾ (ಎರಡು ಸೀಟಿನ ಸ್ಪೋರ್ಟ್ಸ್ ಕಾರು) ಒಂದು ಮಾರಾಟಕ್ಕಿದೆ. ಐದು ಗೇರ್ ಮ್ಯಾನ್ಯುವಲ್, ಕೆಂಪು, ಬಟ್ಟೆಯ ಚಾವಣಿ. ಮೂಲ 1.6 ಲೀಟರ್ ಎಂಜಿನ್ ತೆಗೆದು 1.8 ಲೀಟರಿನದು ಕೂರಿಸಿದ್ದಾರೆ. "94ರ ಗಾಡಿಯ ಎಂಜಿನ್, ಸಲೀಸಾಗಿ ಕೂತಿದೆ" ಅಂತ ಮಾರುವವರ ಮಾತು. ಕೇಳುತ್ತಿರುವುದು 7,800 ಡಾಲರ್. ಬಿಲ್ಲುಗಳು ಅರ್ಧ ಇವೆ, ಅರ್ಧ ಇಲ್ಲ. ಶನಿವಾರ ನೋಡಲು ಹೋಗಬೇಕು. ಎಂಜಿನ್ ಬದಲಾದ ಗಾಡಿಯಲ್ಲಿ ಮಾಮೂಲಿ ಗಾಡಿಗಿಂತ ಹೆಚ್ಚಾಗಿ ಏನನ್ನು ಪರೀಕ್ಷಿಸಬೇಕು?

ಪಾನಾಪೆಟ್ಟಿಗೆ
ಒಳ್ಳೆಯ ಗಾಡಿ, ಆದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿಕೊಳ್ಳಿ. ಎಂಜಿನ್ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಎರಡನೆಯದು. ಎಂಜಿನ್ ಜೊತೆಗೆ ಬರಬೇಕಾದದ್ದೆಲ್ಲ ಬಂದಿದೆಯೇ ಅನ್ನುವುದು ಮೊದಲನೆಯದು. ಈ ಎಂಜಿನ್ ಹಾಳಾದರೆ ಇನ್ನೊಂದು ಸಿಗುತ್ತದೆ. ಅರ್ಧಕ್ಕೆ ಬಿಟ್ಟ ಕೆಲಸ ಕೊಂಡರೆ ಅದನ್ನು ಮುಗಿಸುವ ಖರ್ಚೆಲ್ಲ ನಿಮ್ಮದು.

1.6ರ ಹೆಸರು ಬಿ6, 1.8ರ ಹೆಸರು ಬಿಪಿ. ಎರಡೂ ಒಂದೇ ಮನೆತನದವು, ಮೇಲಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಹಾಗಾಗಿ ಮಾರುವವರ ಮಾತನ್ನಷ್ಟೇ ನಂಬಬೇಡಿ, ಬ್ಲಾಕ್‌ನ (ಎಂಜಿನ್‌ನ ಮುಖ್ಯ ಲೋಹದ ಭಾಗ) ಎರಕದಲ್ಲಿರುವ ಅಕ್ಷರವನ್ನು ಟಾರ್ಚ್ ಹಾಕಿ ಓದಿ. ಬಿಪಿ ಅಂತ ಖಚಿತವಾದ ಮೇಲೆ ಯಾವ ವರ್ಷದ ಬಿಪಿ ಅಂತ ನೋಡಬೇಕು. 1994–95ರದ್ದು 128 ಎಚ್‌ಪಿ, 1996–97ರದ್ದು 133, 1999–2000ದ್ದು 140. ಹಳೆಯ 1.6 ಇದ್ದದ್ದು 116. 1999–2000ದ ಹೆಡ್ (ಎಂಜಿನ್‌ನ ಮೇಲ್ಭಾಗ) ಮೇಲೆ ಬಿಪಿ4ಡಬ್ಲ್ಯು ಅಂತ ಎರಕದಲ್ಲೇ ಬರೆದಿರುತ್ತದೆ. 2001ರ ನಂತರದ್ದಾದರೆ ವಾಲ್ವ್ ಕವರ್‌ನ ಮುಂತುದಿ ಇನ್‌ಟೇಕ್ ಬದಿಯಲ್ಲಿ ಉಬ್ಬಿರುತ್ತದೆ, ಅದು ವಿವಿಟಿಯ (ವಾಲ್ವ್ ತೆರೆಯುವ ಸಮಯ ಬದಲಿಸುವ ವ್ಯವಸ್ಥೆ) ಗುರುತು.

ಆಮೇಲೆ ಈ ಮೂರು ಫೋಟೋ ತೆಗೆದು ಇಲ್ಲಿ ಹಾಕಿ:
ಏರ್ ಫಿಲ್ಟರ್ ಪಕ್ಕದ ಗಾಳಿ ಅಳೆಯುವ ಪೆಟ್ಟಿಗೆ. 1.6ಕ್ಕೆ ಒಳಗೆ ರೆಕ್ಕೆ ತಿರುಗುವ ಅಲ್ಯೂಮಿನಿಯಂ ಡಬ್ಬಿ, 1.8ಕ್ಕೆ ಬಿಸಿ ತಂತಿಯ ಸಣ್ಣ ಕೊಳವೆ.
ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಮೇಲಿನ ಚೀಟಿ. ಎಡ ಸ್ಟೀರಿಂಗ್ ಗಾಡಿಯಲ್ಲಿ ಅದು ಪಕ್ಕದ ಸೀಟಿನವರು ಕಾಲಿಡುವ ಜಾಗದಲ್ಲಿ, ಕಾರ್ಪೆಟ್ ಕೆಳಗಿರುತ್ತದೆ. ನಂಬರ್ ಬಿ6ರಿಂದ ಶುರುವಾದರೆ 1.6ರದ್ದು, ಬಿಪಿಯಿಂದ ಶುರುವಾದರೆ 1.8ರದ್ದು.
ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆಗಳು) ಸುತ್ತ ಇಜಿಆರ್ ವಾಲ್ವ್ (ಸುಟ್ಟ ಹೊಗೆ ಸ್ವಲ್ಪವನ್ನು ಎಂಜಿನ್‌ಗೆ ಮರಳಿಸುವುದು) ಇದೆಯೇ. ಅಮೆರಿಕದ 1.6ಕ್ಕೆ ಅದು ಇರಲಿಲ್ಲ, 1994ರ 1.8ಕ್ಕೆ ಇದೆ.

ಹುಬ್ಬಳ್ಳಿ_ಹೌಸಿಂಗ್
ಎಂಜಿನ್ ಬಗ್ಗೆ ಅವರು ಹೇಳ್ಯಾರ, ನಾ ಹಿಂದಿನ ಹೌಸಿಂಗ್ ಬಗ್ಗೆ ಹೇಳ್ತೀನ್ರಿ. 1990ರಿಂದ 93ರ ತನಕ ಬಂದ ಗಾಡ್ಯಾಗ 6 ಇಂಚಿನ ಡಿಫರೆನ್ಶಿಯಲ್ (ಹಿಂದಿನ ಗಾಲಿಗೆ ಎಳೆತ ಹಂಚೂ ಗೇರ್ ಪೆಟ್ಟಿಗಿ) ಐತಿ. 94ರಿಂದ 7 ಇಂಚಿಂದು ಬಂತು. 1.8ರ ಎಳೆತ ಸಣ್ಣ ಡಿಫ್ ಮ್ಯಾಲೆ ಬಿದ್ರ ಕೆಲವು ದಿನ ತಡೀತೈತಿ, ಆದ್ರ ಟ್ರ್ಯಾಕ್ ಮ್ಯಾಲೆ ಹೊಡದ್ರ ಇಲ್ಲಾ ಮುಂದ ಯಾರರೆ ಟರ್ಬೊ ಹಾಕಿದ್ರ ಮೊದ್ಲ ಹೋಗೂದು ಅದನ. ದೊಡ್ಡ ಡಿಫ್ ಹಾಕ್ಬೇಕಂದ್ರ ಬರೇ ಡಿಫ್ ತಂದ್ರ ಆಗಂಗಿಲ್ರಿ. ಎರಡೂ ಕಡಿ ಆಕ್ಸಲ್, ಪ್ರೊಪೆಲ್ಲರ್ ಶಾಫ್ಟ್, ಮೂರೂ 1.8ರ ಗಾಡೀದ ಬೇಕು.

ಯಾವ್ದೈತಿ ಅಂತ ಪತ್ತೆ ಹಚ್ಚೂದು ಹಿಂಗ. ಹಿಂದಿನ ಎರಡೂ ಗಾಲಿ ಎತ್ತಿ ಸ್ಟ್ಯಾಂಡ್ ಮ್ಯಾಲೆ ನಿಲ್ಲಿಸ್ರಿ, ಗೇರ್ ನ್ಯೂಟ್ರಲ್. ಪ್ರೊಪೆಲ್ಲರ್ ಶಾಫ್ಟಿಗೆ ಸುಣ್ಣದ ಗುರುತು ಹಾಕ್ರಿ. ಎರಡೂ ಗಾಲಿ ಒಟ್ಟಿಗೆ 10 ಸುತ್ತು ತಿರುಗಿಸ್ರಿ. ಶಾಫ್ಟ್ 41 ಸುತ್ತು ತಿರುಗಿದ್ರ ಗೇರ್ ಅನುಪಾತ 4.10, ಅಂದ್ರ 7 ಇಂಚಿಂದು ಇರೂದ ಹೆಚ್ಚು. 43 ತಿರುಗಿದ್ರ 4.30. ಅದು ಹಳೇ 6 ಇಂಚಿಂದೂ ಇರಬಹುದು, 99ರ ನಂತರದ್ದೂ ಇರಬಹುದು, ಅವಾಗ ಕೆಳಗ ಹೋಗಿ ಕಣ್ಣಿಲೆ ನೋಡೂದ ದಾರಿ. ಡಿಫ್ ಬದಲು ಮಾಡಿದ ಬಿಲ್ಲಿದ್ರ ಅದರಾಗ ಎಣ್ಣಿ ಎಷ್ಟು ಹಾಕ್ಯಾರ ನೋಡ್ರಿ. ಸಣ್ಣದಕ್ಕ 0.65 ಲೀಟರ್, ದೊಡ್ಡದಕ್ಕ 1 ಲೀಟರ್ ಹಿಡೀತೈತಿ.

ಕ್ಲಚ್ ಕೂಡ ಹಂಗ. 1.6ರ ಫ್ಲೈವೀಲು 1.8ರ ಕ್ರ್ಯಾಂಕಿಗೆ (ಎಂಜಿನ್ನಿನ್ಯಾಗ ತಿರುಗೂ ಮುಖ್ಯ ದಂಡ) ಕೂಡ್ತೈತಿ, ಅದಕ್ಕ ಮಂದಿ ಹಳೇದ್ನ ಹಾಕಿ ಮುಗಿಸಿಬಿಡ್ತಾರ. ಹಂಗ ಮಾಡಿದ್ರ 200 ಮಿ.ಮೀ. ಪ್ಲೇಟ್, ಸರಿಯಾಗಿ ಮಾಡಿದ್ರ 215. ಬಿಲ್ಲಿನ್ಯಾಗ ಕ್ಲಚ್ ಸೈಜ್ ಐತೇನ ನೋಡ್ರಿ.

ಸಿಯೆರಾ_ಘಾಟಿ
ಕ್ಯಾಲಿಫೋರ್ನಿಯಾ ಅಂದ್ರಲ್ಲ, ನನ್ನ ಮಟ್ಟಿಗೆ ಈ ವ್ಯವಹಾರದಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಅದೇ. ಇಲ್ಲಿ ಸ್ಮಾಗ್ ತಪಾಸಣೆಯಿಂದ (ಹೊಗೆ ಪರೀಕ್ಷೆ) ವಿನಾಯಿತಿ 1975 ಮತ್ತು ಅದಕ್ಕೆ ಹಿಂದಿನ ಮಾದರಿಗಳಿಗೆ ಮಾತ್ರ. 1991ರ ಗಾಡಿಗೆ ಎಷ್ಟು ವರ್ಷವಾದರೂ ಅದು ತಪ್ಪುವುದಿಲ್ಲ. ದೊಡ್ಡ ಊರುಗಳಲ್ಲಿ ರೋಲರ್ ಮೇಲೆ ಗಂಟೆಗೆ 15 ಮತ್ತು 25 ಮೈಲಿ ವೇಗದಲ್ಲಿ ಓಡಿಸಿ ಹೊಗೆ ಅಳೆಯುತ್ತಾರೆ, ಜೊತೆಗೆ ಬಾನೆಟ್ ಎತ್ತಿ ಭಾಗಗಳನ್ನೂ ನೋಡುತ್ತಾರೆ.

ಎಂಜಿನ್ ಬದಲಾವಣೆಗೆ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್‌ನ ನಿಯಮ ಸ್ಪಷ್ಟವಾಗಿದೆ. ಹೊಸ ಎಂಜಿನ್ ಗಾಡಿಯ ವರ್ಷದ್ದೇ ಆಗಿರಬೇಕು, ಇಲ್ಲವೇ ಅದಕ್ಕಿಂತ ಈಚಿನದಾಗಿರಬೇಕು. ಆ ಎಂಜಿನ್ ಅದರ ಮೂಲ ಗಾಡಿಯಲ್ಲಿದ್ದಾಗ ಇದ್ದ ಹೊಗೆ ನಿಯಂತ್ರಣದ ಎಲ್ಲ ಸಾಮಾನೂ ಬರಬೇಕು: ಇಜಿಆರ್, ಕ್ಯಾಟಲಿಟಿಕ್ ಕನ್ವರ್ಟರ್, ಇಂಧನ ಆವಿಯ ಡಬ್ಬಿ, ಸೆನ್ಸರ್‌ಗಳು, ಇಸಿಯು. ಅದನ್ನು ರೆಫರಿ (ಬ್ಯೂರೋ ಪರವಾಗಿ ವಿಶೇಷ ತಪಾಸಣೆ ಮಾಡುವವರು) ನೋಡಿ ಒಪ್ಪಿದ ಮೇಲೆ ಬಾಗಿಲ ಕಂಬಕ್ಕೆ ಒಂದು ಲೇಬಲ್ ಅಂಟಿಸುತ್ತಾರೆ. ಶನಿವಾರ ಹೋದಾಗ ಬಾನೆಟ್ ಎತ್ತುವ ಮುಂಚೆ ಡ್ರೈವರ್ ಬಾಗಿಲು ತೆಗೆದು ಆ ಲೇಬಲ್ ಹುಡುಕಿ.

"ಹೋದ ಸಲ ಸ್ಮಾಗ್ ಪಾಸಾಗಿದೆ" ಅನ್ನುವುದು ಉತ್ತರವಲ್ಲ. ಬಿ6, ಬಿಪಿ ಎರಡೂ ಒಂದೇ ಥರ ಕಾಣುವುದರಿಂದ ತಪಾಸಣೆಯವರ ಕಣ್ಣಿಗೆ ಬೀಳದೇ ಹೋಗಿರಬಹುದು. ಮುಂದಿನ ಸಲ ಬಿದ್ದರೆ ಗಾಡಿ ನಿಮ್ಮ ಹೆಸರಲ್ಲಿರುತ್ತದೆ. ನಂಬರ್ ಪ್ಲೇಟ್ ಹಾಕಿದರೆ ಬ್ಯೂರೋದ ಜಾಲತಾಣದಲ್ಲಿ ಹಿಂದಿನ ತಪಾಸಣೆಗಳ ಇತಿಹಾಸ ಉಚಿತವಾಗಿ ಸಿಗುತ್ತದೆ, ಇವತ್ತೇ ನೋಡಿ. ಇನ್ನೊಂದು: ಹೆಸರು ವರ್ಗಾಯಿಸುವಾಗ ಸ್ಮಾಗ್ ಸರ್ಟಿಫಿಕೇಟ್ ಕೊಡುವುದು ಮಾರುವವರ ಹೊಣೆ, ಅದರ ಅವಧಿ 90 ದಿನ. "ನೀವೇ ಮಾಡಿಸಿಕೊಳ್ಳಿ, ಸ್ವಲ್ಪ ಕಡಿಮೆ ಮಾಡ್ತೀನಿ" ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ.

ಸ್ಯಾನ್‌ಹೋಸೆ_ಶರಾವತಿ
ತುಂಬಾ ಉಪಕಾರ. ಕೇಳಿದ ಫೋಟೋಗಳನ್ನು ಅವರು ಕಳಿಸಿದ್ದಾರೆ. ಬ್ಲಾಕ್ ಮೇಲೆ ಬಿಪಿ ಅಂತಿದೆ. ಆದರೆ ಗಾಳಿ ಅಳೆಯುವುದು ಹಳೆಯ ರೆಕ್ಕೆಯ ಡಬ್ಬಿ, ಇಸಿಯು ಚೀಟಿ ಬಿ61ಪಿ ಅಂತ ಶುರುವಾಗುತ್ತದೆ. ಇಜಿಆರ್ ಕಾಣುತ್ತಿಲ್ಲ. ರೆಫರಿ ಲೇಬಲ್ "ಬೇಕಾಗಿಲ್ಲ, ಎರಡೂ ಮಾಜ್ಡಾ ಎಂಜಿನ್ನೇ ಅಲ್ವಾ" ಅಂದರು. ಗೇರ್‌ಬಾಕ್ಸ್ ಮೇಲೆ ಎಣ್ಣೆ ಇಳಿದ ಗುರುತಿದೆ, ಅದು ಹಿಂದಿನ ಕ್ರ್ಯಾಂಕ್ ಸೀಲ್ ಅಂತೆ. ಐಡ್ಲಿಂಗ್ ಕೂಡ ಸ್ವಲ್ಪ ಏರಿಳಿಯುತ್ತದಂತೆ.

ಪಾನಾಪೆಟ್ಟಿಗೆ
ಚಿತ್ರ ಈಗ ಸ್ಪಷ್ಟ. 1.8 ಎಂಜಿನ್ನನ್ನು 1.6ರ ವೈರಿಂಗ್, ಇಸಿಯು, ಡಬ್ಬಿಯಲ್ಲೇ ಓಡಿಸುತ್ತಿದ್ದಾರೆ. ಇದು ಓಡುತ್ತದೆ, ಸುಳ್ಳಲ್ಲ. ನಿಧಾನಕ್ಕೆ ಹೋಗುವಾಗ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಪೆಟ್ರೋಲ್ ಹೊಂದಿಸಿಕೊಳ್ಳುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಆ ಹೊಂದಾಣಿಕೆ ನಿಂತು ಹಳೆಯ ಲೆಕ್ಕ ನಡೆಯುತ್ತದೆ, ಅದು 1.6ರ ಲೆಕ್ಕ. ಮೇಲಿನ ಆರ್‌ಪಿಎಂನಲ್ಲಿ ರೆಕ್ಕೆ ಪೂರ್ತಿ ತೆರೆದುಕೊಂಡು ಅದಕ್ಕಿಂತ ಹೆಚ್ಚಿನ ಗಾಳಿಯನ್ನು ಅಳೆಯಲಾರದೆ ನಿಲ್ಲುತ್ತದೆ. ಇಂಜೆಕ್ಟರ್ ಯಾವುದೆಂದೂ ಕೇಳಿ. 1.8ರ ಇಂಜೆಕ್ಟರ್ ದೊಡ್ಡದು. 1.6ರ ಇಸಿಯು ಅದನ್ನು ಅಷ್ಟೇ ಹೊತ್ತು ತೆರೆದರೂ ಪೆಟ್ರೋಲ್ ಜಾಸ್ತಿ ಬೀಳುತ್ತದೆ, ಪ್ಲಗ್ ಕಪ್ಪಾಗುತ್ತದೆ, ಹೊಗೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಐಡ್ಲಿಂಗ್ ಏರಿಳಿತಕ್ಕೆ ಬಹುಶಃ ಥ್ರಾಟಲ್ ಬಾಡಿಯೇ ಕಾರಣ. 1.6 ಮ್ಯಾನ್ಯುವಲ್‌ನಲ್ಲಿ ಥ್ರಾಟಲ್ ಸೆನ್ಸರ್ ಅನ್ನುವುದು ಬರೀ ಸ್ವಿಚ್: ಪೂರ್ತಿ ಮುಚ್ಚಿದೆ, ಪೂರ್ತಿ ತೆರೆದಿದೆ, ಎರಡೇ ಸುದ್ದಿ. 1.8ರದ್ದು ಕೋನ ಅಳೆಯುವ ಸೆನ್ಸರ್. 1.8ರ ಥ್ರಾಟಲ್ ಬಾಡಿ ಹಾಗೇ ಬಿಟ್ಟಿದ್ದರೆ ಕಾಲು ತೆಗೆದದ್ದೂ ಇಸಿಯುಗೆ ಗೊತ್ತಾಗುವುದಿಲ್ಲ, ಪೂರ್ತಿ ಒತ್ತಿದ್ದೂ ಗೊತ್ತಾಗುವುದಿಲ್ಲ.

ಎಣ್ಣೆ ವಿಷಯಕ್ಕೆ ಹೆದರಬೇಡಿ, ಆದರೆ ಬೆಲೆಗೆ ಬಳಸಿಕೊಳ್ಳಿ. ಈ ಎಂಜಿನ್‌ಗಳಲ್ಲಿ ಹೆಡ್‌ನ ಹಿಂಬದಿಯಲ್ಲಿ ಕ್ಯಾಮ್ ಆಂಗಲ್ ಸೆನ್ಸರ್ ಇರುತ್ತದೆ. ಅದರ ಓ-ರಿಂಗ್ ಗಟ್ಟಿಯಾಗಿ ಎಣ್ಣೆ ಜಿನುಗಿ ನೇರ ಗೇರ್‌ಬಾಕ್ಸ್ ಮೇಲೆ ಇಳಿಯುತ್ತದೆ. ಹತ್ತರಲ್ಲಿ ಒಂಬತ್ತು ಜನ ಅದನ್ನು ಕ್ರ್ಯಾಂಕ್ ಸೀಲ್ ಅಂದುಕೊಳ್ಳುತ್ತಾರೆ. ಸೆನ್ಸರ್ ಕೆಳಗಿನ ಹೀಟರ್ ಪೈಪ್ ಮುಟ್ಟಿ ನೋಡಿ. ಎಣ್ಣೆ ಕುಡಿದು ಮೆತ್ತಗಾಗಿ ಊದಿದ್ದರೆ ಓ-ರಿಂಗ್‌ನದೇ ಕೆಲಸ. ಓ-ರಿಂಗ್ ಸಸ್ತಾ. ಆದರೆ ಆ ಪೈಪ್ ಒಡೆದರೆ ನೀರೆಲ್ಲ ಹೋಗಿ ಹೆಡ್ ಬಾಗುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೆ ಹಾಕಬೇಕು.

ತುಂಗಾತೀರ_ಟರ್ಬೊ
ಇಷ್ಟಕ್ಕೆಲ್ಲ ಗಾಡಿ ಬಿಡಬೇಕಾ ಸರ್? 1999ರ ಎಂಜಿನ್, ಇಲ್ಲಾ ವಿವಿಟಿ ಎಂಜಿನ್ ಹಾಕಿ, ಸ್ವತಂತ್ರ ಇಸಿಯು (ಕಾರ್ಖಾನೆಯದಲ್ಲದ್ದು) ಕೊಟ್ಟು ಟ್ಯೂನ್ ಮಾಡಿಸಿದರೆ ಇದೇ ಗಾಡಿ ಬೇರೆಯೇ ಆಗುತ್ತದೆ. 1999ರ ಹೆಡ್ ಉಸಿರಾಡುವ ರೀತಿ 94ರದ್ದಕ್ಕೆ ಇಲ್ಲ.

ಸಿಯೆರಾ_ಘಾಟಿ
ಟ್ರ್ಯಾಕ್‌ಗೆ ಮಾತ್ರ ಇಟ್ಟುಕೊಳ್ಳುವುದಾದರೆ ನಿಮ್ಮ ಮಾತು ಸರಿ. ರಸ್ತೆಗಾದರೆ ಸ್ವತಂತ್ರ ಇಸಿಯು ಇಲ್ಲಿ ರೆಫರಿ ಮುಂದೆ ನಿಲ್ಲುವುದಿಲ್ಲ. 1996ರಿಂದ ಈಚಿನ ಎಂಜಿನ್ ತಂದರೆ ಓಬಿಡಿ-2 (ಗಾಡಿಯೇ ತನ್ನ ದೋಷ ಪತ್ತೆ ಹಚ್ಚುವ) ವ್ಯವಸ್ಥೆಯನ್ನೂ ಪೂರ್ತಿ ತರಬೇಕು, ಅದಕ್ಕೆ ಸೇರಿದ ಸೆನ್ಸರ್‌ಗಳ ಸಮೇತ. ಹಳೆಯ 1.6 ಗಾಡಿಗೆ ಈ ರಾಜ್ಯದಲ್ಲಿ ಸುಲಭದ ದಾರಿ 1994–95ರ ದಾನಿ ಗಾಡಿ (ಭಾಗಗಳನ್ನು ತೆಗೆದುಕೊಳ್ಳುವ ಗಾಡಿ) ಒಂದೇ. ಅದರಲ್ಲಿ ಹಿಂದಿನ ಓಬಿಡಿ-1 ಇರುವುದರಿಂದ ವೈರಿಂಗ್ ಸರ, ಇಸಿಯು, ಮಾಪಕ, ಇಜಿಆರ್ ಸಮೇತ ಎತ್ತಿ ತಂದರೆ ಮುಗಿಯಿತು.

ಪಾನಾಪೆಟ್ಟಿಗೆ
1999ರ ಎಂಜಿನ್ ಹಾಕಿದ ಹಳೆಯ ಗಾಡಿಗಳೂ ಮಾರುಕಟ್ಟೆಯಲ್ಲಿ ಬಹಳ ಇವೆ, ಓದುವವರಿಗೆ ಉಪಯೋಗವಾಗಲಿ ಅಂತ ಎರಡು ಮಾತು. ಮೊದಲನೆಯದು ಆಲ್ಟರ್ನೇಟರ್. 1999ರಿಂದ ಆಲ್ಟರ್ನೇಟರ್ ಎಷ್ಟು ಚಾರ್ಜ್ ಮಾಡಬೇಕೆಂದು ಇಸಿಯು ಹೇಳುತ್ತದೆ. ಹಳೆಯ ಇಸಿಯುಗೆ ಆ ಭಾಷೆ ಬರುವುದಿಲ್ಲ, ಹಾಗಾಗಿ ಹಳೆಯ ಗಾಡಿಯ ಆಲ್ಟರ್ನೇಟರನ್ನೇ ಹಾಕಿರಬೇಕು. ಎರಡನೆಯದು, ಹೊಸದರಲ್ಲಿ ಪೆಟ್ರೋಲ್ ವಾಪಸ್ ಟ್ಯಾಂಕಿಗೆ ಹೋಗುವ ಪೈಪ್ ಇಲ್ಲ, ಒತ್ತಡವೂ ಹೆಚ್ಚು. ಹಳೆಯ ಗಾಡಿಗೆ ರೆಗ್ಯುಲೇಟರ್ ಇರುವ ಹಳೆಯ ಫ್ಯುಯೆಲ್ ರೈಲ್ ಬೇಕು.

1999–2000ದ ಎಂಜಿನ್‌ಗೆ ಇನ್ನೊಂದು ಅಪಕೀರ್ತಿ ಇದೆ: ಕ್ರ್ಯಾಂಕ್ ಹಿಂದೆ ಮುಂದೆ ಜರುಗದಂತೆ ತಡೆಯುವ ಥ್ರಸ್ಟ್ ಬೇರಿಂಗ್ ಸವೆಯುವುದು. ಒಬ್ಬರು ಕ್ಲಚ್ ಒತ್ತಿ ಬಿಡುತ್ತಿರಲಿ, ಇನ್ನೊಬ್ಬರು ಎಂಜಿನ್ ಆಫ್ ಇರುವಾಗ ಮುಂದಿನ ಪುಲ್ಲಿ ನೋಡಲಿ. ಪುಲ್ಲಿ ಹಿಂದೆ ಮುಂದೆ ಜರುಗುವುದು ಬರಿಗಣ್ಣಿಗೆ ಕಂಡರೆ ಆ ಎಂಜಿನ್ ಮುಟ್ಟಬೇಡಿ. ಡಯಲ್ ಗೇಜಿನಲ್ಲಿ 0.08ರಿಂದ 0.28 ಮಿ.ಮೀ. ಇದ್ದರೆ ಸರಿ, 0.30 ದಾಟಬಾರದು.

ಹುಬ್ಬಳ್ಳಿ_ಹೌಸಿಂಗ್
ಶರಾವತಿಯವರ, ಎಂಜಿನ್ ಮಾತಿನ್ಯಾಗ ಬಾಡಿ ಮರೀಬ್ಯಾಡ್ರಿ. ಎಂಜಿನ್ ಎರಡು ದಿನದಾಗ ಇಳಿಸಿ ಏರಿಸಬಹುದು, ಕೊಳೆತ ತಗಡಿಗೆ ಹಂಗ ಮಾಡಾಕ ಬರಂಗಿಲ್ಲ. ಬಟ್ಟಿ ಚಾವಣಿಯ ನೀರು ಹೋಗೂ ತೂತು ಸೀಟಿನ ಹಿಂದ ಎರಡೂ ಮೂಲ್ಯಾಗ ಅದಾವ. ಎಲಿ, ಮಣ್ಣು ತುಂಬಿ ಮುಚ್ಚಿದ್ರ ನೀರು ಬಾಗಿಲ ಕೆಳಗಿನ ಪಟ್ಟಿಯೊಳಗ ನಿಂತು ಒಳಗಿಂದ ತುಕ್ಕು ಹಿಡೀತೈತಿ. ಹಿಂದಿನ ಗಾಲಿ ಮುಂದಿನ ಭಾಗಕ್ಕ ಅಯಸ್ಕಾಂತ ಹಿಡೀರಿ. ಅಂಟ್ಲಿಲ್ಲಂದ್ರ ಒಳಗ ಪುಟ್ಟಿ ಐತಿ. ಒಂದು ಲೋಟ ನೀರು ತೂತಿನ್ಯಾಗ ಹಾಕಿ ಕೆಳಗ ಬರ್ತೈತೇನ ನೋಡ್ರಿ.

ಗಾಡಿ ಕೆಳಗಿನ ಉದ್ದ ರೈಲು ಎರಡೂ ಜಾಕ್ ತಪ್ಪು ಹಚ್ಚಿ ಚಪ್ಪಟಿ ಆಗಿರ್ತಾವ, ಅದು ಬಹಳ ಗಾಡ್ಯಾಗ ಐತಿ, ಅದಕ್ಕ ಗಾಬರಿ ಬ್ಯಾಡ. ಚಪ್ಪಟಿ ಬ್ಯಾರೆ, ಮಡಚಿದ್ದು ಬ್ಯಾರೆ. ಮಡಚಿತ್ತಂದ್ರ ಅಪಘಾತ ಆಗೈತಿ. ಮತ್ತ ಗೇರ್‌ಬಾಕ್ಸಿನಿಂದ ಡಿಫ್ ತನಕ ಒಂದು ಅಲ್ಯೂಮಿನಿಯಂ ತೊಲಿ ಇರ್ತೈತಿ. ಎಂಜಿನ್ ಬದಲು ಮಾಡುವಾಗ ಅದನ್ನ ಬಿಚ್ಚಿ ಸರಿಯಾಗಿ ಸಾಲು ಹಿಡೀಲಾರದ ಬಿಗಿದಿದ್ರ ಗೇರ್ ಕಡ್ಡಿ ನಡುಗ್ತೈತಿ, ವೇಗದಾಗ ಗುಂಯ್ ಅನ್ನೂ ಸಪ್ಪಳ ಬರ್ತೈತಿ.

ಜಯನಗರ_4ನೇ_ಬ್ಲಾಕ್
ಇಂಥ ಗಾಡಿ ಮುಂದೆ ಬೆಂಗಳೂರಿಗೆ ತರಬಹುದಾ? ಇಲ್ಲಿ ಎಂಜಿನ್ ಬದಲಾದ ಹಳೆಯ ಗಾಡಿ ಕೊಳ್ಳುವವರಿಗೂ ಇದೇ ನಿಯಮವಾ?

ಸಿಯೆರಾ_ಘಾಟಿ
ತರಲಾಗದು. ಬಳಸಿದ ಕಾರು ಭಾರತಕ್ಕೆ ಬರಬೇಕಾದರೆ 3 ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಕ್ಕಿರಬೇಕು. ಇದು ಎರಡರಲ್ಲೂ ತಪ್ಪುತ್ತದೆ. ಕರ್ನಾಟಕದಲ್ಲಿ ಕೊಳ್ಳುವುದಾದರೆ ಆರ್‌ಸಿಯಲ್ಲಿ ಎಂಜಿನ್ ನಂಬರ್ ಬರೆದಿರುತ್ತದೆ, ಗಾಡಿಯ ಮೇಲೆ ಕೊರೆದ ನಂಬರ್ ಅದಕ್ಕೆ ತಾಳೆಯಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು. ನಂಬರ್ ತಾಳೆಯಾಗದಿದ್ದರೆ ಅಡ್ವಾನ್ಸ್ ಕೊಡುವ ಮುಂಚೆ ಮಾರುವವರ ಹೆಸರಲ್ಲೇ ಅದು ಸರಿಯಾಗಲಿ.

ಸ್ಯಾನ್‌ಹೋಸೆ_ಶರಾವತಿ
ಸ್ಮಾಗ್ ಇತಿಹಾಸ ನೋಡಿದೆ, ಹೋದ ವರ್ಷ ಪಾಸಾಗಿದೆ. ಆದರೂ ಲೇಬಲ್ ಇಲ್ಲದ್ದರಿಂದ ಮಾರುವವರೇ ರೆಫರಿ ಹತ್ತಿರ ಹೋಗಬೇಕು ಅಂದೆ, ಅವರು ಒಪ್ಪಲಿಲ್ಲ. ಬೆಲೆ 6,000ಕ್ಕೆ ಇಳಿಸಿದರು. ಮೂಲ 1.6 ಎಂಜಿನ್ ಮನೆಯಲ್ಲೇ ಇದೆಯಂತೆ, ಅದನ್ನೂ ಕೊಡುತ್ತಾರಂತೆ. ಇದರಿಂದ ಏನಾದರೂ ಬದಲಾಗುತ್ತದಾ?

ಪಾನಾಪೆಟ್ಟಿಗೆ
ಬಹಳ ಬದಲಾಗುತ್ತದೆ. ವೈರಿಂಗ್, ಇಸಿಯು, ಡಿಫ್ ಎಲ್ಲ 1.6ರದ್ದೇ ಉಳಿದಿದ್ದರೆ ಹಳೆಯ ಎಂಜಿನ್ ವಾಪಸ್ ಕೂರಿಸಿದ ತಕ್ಷಣ ಗಾಡಿ ಕಾರ್ಖಾನೆಯಿಂದ ಬಂದ ಹಾಗಾಗುತ್ತದೆ, ರೆಫರಿಯ ಪ್ರಶ್ನೆಯೇ ಇಲ್ಲ. ಆದರೆ ಅದನ್ನು ಯಾಕೆ ತೆಗೆದರು ಅಂತ ಕೇಳಿ. 1990 ಮತ್ತು 91ರ ಮೊದಲ ಭಾಗದ 1.6ರಲ್ಲಿ ಕ್ರ್ಯಾಂಕ್‌ನ ಮೂಗು ಗಿಡ್ಡ. ಮುಂದಿನ ಬೋಲ್ಟ್ ಸಡಿಲವಾದರೆ ಕೀಲಿ ಕೂರುವ ತೋಡು ಅಗಲವಾಗಿ, ಪುಲ್ಲಿ ಅಲುಗಾಡಿ, ಟೈಮಿಂಗ್ ಹಿಂದೆ ಸರಿಯುತ್ತದೆ. ಪುಲ್ಲಿಗೆ 4 ಸೀಳಿದ್ದರೆ ಗಿಡ್ಡ ಮೂಗು, 8 ಇದ್ದರೆ ಉದ್ದ ಮೂಗು. ಗಿಡ್ಡ ಮೂಗಿನದಾದರೆ ಪುಲ್ಲಿ ಬಿಚ್ಚಿಸಿ ಕೀಲಿ ನೋಡದೆ ಅದಕ್ಕೆ ಬೆಲೆ ಕಟ್ಟಬೇಡಿ.

ಶನಿವಾರದ ಕೆಲಸದ ಕ್ರಮ ಹೀಗಿರಲಿ. ನೀವು ಹೋಗುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಡಿ, ಎಂಜಿನ್ ಮುಟ್ಟಿ ತಣ್ಣಗಿದೆ ಅಂತ ಖಚಿತ ಮಾಡಿಕೊಳ್ಳಿ. ಕೀ ತಿರುಗಿಸಿದಾಗ ಚೆಕ್ ಎಂಜಿನ್ ದೀಪ ಹೊತ್ತಬೇಕು. ಹೊತ್ತದಿದ್ದರೆ ಬಲ್ಬ್ ಹೋಗಿರಬಹುದು, ಇಲ್ಲವೇ ತೆಗೆದಿರಬಹುದು. ತಣ್ಣಗೆ ಸ್ಟಾರ್ಟ್ ಮಾಡಿದಾಗ ಮೇಲಿಂದ ಟಿಕ್ ಟಿಕ್ ಬಂದು ಒಂದೆರಡು ನಿಮಿಷದಲ್ಲಿ ನಿಂತರೆ ಹೈಡ್ರಾಲಿಕ್ ಲಿಫ್ಟರ್, ಚಿಂತೆ ಇಲ್ಲ. ಬಿಸಿಯಾದ ಮೇಲೂ ಬಂದರೆ ಚಿಂತೆ. 1991ರ ಗಾಡಿಯಲ್ಲಿ ಆಯಿಲ್ ಮುಳ್ಳು ನಿಜವಾದ ಒತ್ತಡ ತೋರಿಸುತ್ತದೆ. 1995ರಿಂದ ಅದು ಬರೀ ಸ್ವಿಚ್. ಮುಳ್ಳು ಆಕ್ಸಿಲರೇಟರ್ ಜೊತೆ ಏರಿಳಿಯದೆ ಒಂದೇ ಕಡೆ ಅಂಟಿಕೊಂಡಿದ್ದರೆ ಬೇರೆ ಎಂಜಿನ್‌ನ ಸ್ವಿಚ್ ಉಳಿದುಬಿಟ್ಟಿದೆ, ಗೇಜು ಸುಳ್ಳು ಹೇಳುತ್ತಿದೆ.

ಬಿಸಿಯಾದ ಮೇಲೆ ಎಸಿ, ಹೆಡ್‌ಲೈಟ್ ಹಾಕಿ. ಐಡ್ಲಿಂಗ್ 850ರ ಆಸುಪಾಸು ಹಿಡಿದುಕೊಳ್ಳಬೇಕು. ಡಯಾಗ್ನೋಸಿಸ್ ಡಬ್ಬಿಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಅಂತ ಬರೆದ ಪಿನ್‌ಗಳನ್ನು ತಂತಿಯಿಂದ ಜೋಡಿಸಿ ಟೈಮಿಂಗ್ ಲೈಟ್ ಹಿಡಿದರೆ 10 ಡಿಗ್ರಿ ಕಾಣಬೇಕು. ಆಮೇಲೆ ಕಂಪ್ರೆಷನ್: ನಾಲ್ಕೂ ಪ್ಲಗ್ ಬಿಚ್ಚಿ, ಕ್ಯಾಮ್ ಆಂಗಲ್ ಸೆನ್ಸರ್ ಪ್ಲಗ್ ಎಳೆದರೆ ಕಿಡಿಯೂ ಪೆಟ್ರೋಲೂ ನಿಲ್ಲುತ್ತದೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಐದಾರು ಸುತ್ತು ತಿರುಗಿಸಿ. 170ರ ಮೇಲೆ ಪಿಎಸ್‌ಐ ಬಂದು ನಾಲ್ಕರ ನಡುವೆ 10 ಶೇಕಡಾ ಒಳಗೆ ವ್ಯತ್ಯಾಸವಿದ್ದರೆ ಒಳ್ಳೆಯದು. ನಾಲ್ಕನೆಯದು ಮಾತ್ರ ಕಡಿಮೆಯಿದ್ದರೆ ಹುಷಾರು. ಥರ್ಮೋಸ್ಟಾಟ್ ಮುಂದುಗಡೆ ಇರುವುದರಿಂದ ಹಿಂದಿನ ಸಿಲಿಂಡರ್ ಸುತ್ತ ನೀರಿನ ಹರಿವು ಕಮ್ಮಿ, ಗಾಡಿ ಒಮ್ಮೆ ಕಾದಿದ್ದರೆ ಮೊದಲು ಏಟು ತಿನ್ನುವುದು ಅದೇ. ರೇಡಿಯೇಟರ್‌ನ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಕಪ್ಪಿನಿಂದ ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಆಯಸ್ಸು ಮುಗಿದಿದೆ.

ಹುಬ್ಬಳ್ಳಿ_ಹೌಸಿಂಗ್
ಟೈಮಿಂಗ್ ಬೆಲ್ಟ್ ಬಿಲ್ಲು ಕೇಳ್ರಿ. 60,000 ಮೈಲಿಗೊಮ್ಮೆ ಬದಲು ಮಾಡ್ಬೇಕು, ಆದ್ರ ಮೀಟರಿನ್ಯಾಗ ಕಾಣೂದು ಗಾಡಿ ಓಡಿದ್ದು, ಈ ಎಂಜಿನ್ ಓಡಿದ್ದಲ್ಲ. ಬಿಲ್ಲಿಲ್ಲಂದ್ರ ಬೆಲ್ಟ್, ವಾಟರ್ ಪಂಪ್, ಮುಂದಿನ ಸೀಲ್ ಮೂರೂ ಹಾಕೂ ಖರ್ಚು ಹಿಡದ ಚೌಕಾಶಿ ಮಾಡ್ರಿ.

ಸಿಯೆರಾ_ಘಾಟಿ
6,000ಕ್ಕೆ ಹಳೆಯ ಎಂಜಿನ್ ಸಮೇತ, ಬಾಡಿ ತುಕ್ಕಿಲ್ಲದೆ ಸಿಕ್ಕರೆ ಯೋಚಿಸಬಹುದು. ಆದರೆ ಮಾರುವವರ ಹೆಸರಲ್ಲಿ ಹೊಸ ಸ್ಮಾಗ್ ಸರ್ಟಿಫಿಕೇಟ್ ಬಂದ ಮೇಲೆ ಮಾತ್ರ. ಅದು ಬಂದರೂ ರೆಫರಿ ಲೇಬಲ್ ಇಲ್ಲದ ತಾಪತ್ರಯ ಹಾಗೇ ಉಳಿಯುತ್ತದೆ. ಹಾಗಾಗಿ 94–95ರ ಪೂರ್ತಿ ವೈರಿಂಗ್ ತರುತ್ತೀರೋ, 1.6ಕ್ಕೆ ವಾಪಸ್ ಹೋಗುತ್ತೀರೋ ಈಗಲೇ ತೀರ್ಮಾನಿಸಿ, ಆ ಖರ್ಚನ್ನು 6,000ಕ್ಕೆ ಸೇರಿಸಿ ನೋಡಿ. ಇನ್ಶೂರೆನ್ಸ್‌ನವರಿಗೆ ಎಂಜಿನ್ ಬದಲಾದದ್ದನ್ನು ಬರವಣಿಗೆಯಲ್ಲಿ ತಿಳಿಸಿ.

ಸ್ಯಾನ್‌ಹೋಸೆ_ಶರಾವತಿ
1.6ಕ್ಕೇ ವಾಪಸ್ ಹೋಗುವ ಲೆಕ್ಕದಲ್ಲಿ ಮಾತಾಡುತ್ತೇನೆ. ಬಿಡಿ ಎಂಜಿನ್‌ನ ಪುಲ್ಲಿ ಫೋಟೋ ಈಗ ಬಂತು, 8 ಸೀಳು ಇವೆ. ಅಯಸ್ಕಾಂತ, ಕಂಪ್ರೆಷನ್ ಗೇಜು, ಸುಣ್ಣದ ಕಡ್ಡಿ, ಒಂದು ಬಾಟಲಿ ನೀರು ಚೀಲದಲ್ಲಿಟ್ಟಾಯಿತು. ಟೈಮಿಂಗ್ ಲೈಟ್ ಇಲ್ಲ, ಯಾರ ಹತ್ತಿರವಾದರೂ ಇದ್ದರೆ ತಿಳಿಸಿ.

ತುಂಗಾತೀರ_ಟರ್ಬೊ
ನಾನು ಫ್ರೀಮಾಂಟ್‌ನಲ್ಲಿದ್ದೇನೆ, ನನ್ನ ಹತ್ತಿರ ಇದೆ. ಮೆಸೇಜ್ ಮಾಡಿ, ಶುಕ್ರವಾರ ಸಂಜೆ ತಗೊಂಡು ಹೋಗಿ.